ಬಿಸ್ಲಿಯ ಬಯಲಿನಲ್ಲಿ ಮುಕ್ಕಾಲು ತೊಲದ ಗುಂಡು

ಲಂಡನ್ನಿನ ವಾಟರ್ಲೂ ನಿಲ್ದಾಣದಿಂದ ನೈಋತ್ಯಕ್ಕೆ ಹೊರಡುವ ರೈಲಿನಲ್ಲಿ ಕುಳಿತರೆ ಮುಕ್ಕಾಲು ಗಂಟೆಯೊಳಗಾಗಿ ಬ್ರೂಕ್‌ವುಡ್ ಎಂಬ ಸಣ್ಣ ನಿಲ್ದಾಣ ಬರುತ್ತದೆ. ಅಲ್ಲಿ ಇಳಿಯುವವರು ಬಹುಕಾಲದಿಂದ ಎರಡು ಬಗೆಯವರು. ಕೈಯಲ್ಲಿ ಹೂಗುಚ್ಛವಿದ್ದವರು ದಕ್ಷಿಣದ ಕಡೆ ಹೊರಬಿದ್ದು ಸ್ಮಶಾನಕ್ಕೆ ಹೋಗುತ್ತಾರೆ; ಉದ್ದನೆಯ ಪೆಟ್ಟಿಗೆಯಿದ್ದವರು ಉತ್ತರದ ಕಡೆ ಹೊರಬಿದ್ದು ಬಿಸ್ಲಿಯ ಗುರಿಬಯಲಿಗೆ ನಡೆಯುತ್ತಾರೆ.

ನಾನು ಮೊದಲ ಸಲ ಇಳಿದದ್ದು ದಕ್ಷಿಣದ ದಾರಿಗಾಗಿ. 1854ರಲ್ಲಿ ತೆರೆದ ಆ ವಿಶಾಲ ಸ್ಮಶಾನಕ್ಕೆ ಹಿಂದೆ ಲಂಡನ್ನಿನಿಂದ ಶವಗಳನ್ನು ಹೊತ್ತು ಬರುವ ಪ್ರತ್ಯೇಕ ರೈಲೇ ಇದ್ದಿತು. ಬಂಧುಗಳಿಗೆ ಹೋಗಿಬರುವ ಟಿಕೆಟ್ಟು, ಶವಪೆಟ್ಟಿಗೆಗೆ ಹೋಗುವ ಟಿಕೆಟ್ಟು ಮಾತ್ರ! ಅಲ್ಲಿಯ ಪಾರಸಿಯವರ ಆವರಣದಲ್ಲಿ ಜಮ್‌ಷೆಟ್‌ಜಿ ಟಾಟಾ ಅವರ ಸಮಾಧಿಯಿದೆ. 1904ರಲ್ಲಿ ಜರ್ಮನಿಯಲ್ಲಿ ತೀರಿಕೊಂಡ ಅವರನ್ನು ಇಲ್ಲಿಗೆ ತಂದು ಮಣ್ಣುಮಾಡಿದರು. ಬೆಂಗಳೂರಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನ ಮರಗಳ ನೆರಳಿನಲ್ಲಿ ಓಡಾಡಿದವನಿಗೆ ಆ ಕಲ್ಲಿನ ಮುಂದೆ ಒಂದು ಗಳಿಗೆ ನಿಲ್ಲಬೇಕೆಂದು ಅನಿಸಿದರೆ ಆಶ್ಚರ್ಯವಿಲ್ಲ.

ಎರಡನೆಯ ಸಲ ಉತ್ತರದ ದಾರಿ ಹಿಡಿಯಲು ಕಾರಣವಾದದ್ದು ಉಪ್ಪಿಟ್ಟಿನ ರವೆ.

ನಾನು ಆಗ ಹಿಂದಿನ ನಿಲ್ದಾಣವಾದ ವೋಕಿಂಗಿನಲ್ಲಿ, ನನ್ನ ತಂಗಿಯ ಮಗಳ ಮನೆಯಲ್ಲಿ ಇಳಿದುಕೊಂಡಿದ್ದೆ. ಒಂದು ಸಂಜೆ ಪಕ್ಕದ ಮನೆಯ ಹಿರಿಯರು ಬಾಗಿಲು ತಟ್ಟಿದರು. ಎಪ್ಪತ್ತಾರು ವರ್ಷದ, ಎತ್ತರದ, ಸ್ವಲ್ಪ ಬಾಗಿದ ಆಳು. ಜೀವಮಾನವೆಲ್ಲ ಕೊಳಾಯಿ ಕೆಲಸ ಮಾಡಿ ವಿಶ್ರಾಂತರಾದವರು. ಕೈಯಲ್ಲೊಂದು ಖಾಲಿ ಬಟ್ಟಲು. ಒಂದು ಹಿಡಿ ರವೆ ಬೇಕಾಗಿತ್ತು, ಅಂಗಡಿ ಮುಚ್ಚಿಹೋಗಿದೆ, ಎಂದರು. ನಮ್ಮ ಹುಡುಗಿ ನಗುನಗುತ್ತ ಡಬ್ಬ ತೆರೆದಳು. ಹಿರಿಯರು ಬೆರಳಲ್ಲಿ ತಿಕ್ಕಿ ನೋಡಿ, ಇದು ಬಹಳ ಒಣಗಿದೆಯಲ್ಲ ಎಂದು ಸಂತೋಷಪಟ್ಟರು. ಹುಳು ಬೀಳದಿರಲೆಂದು ಬರಿಯ ಬಾಣಲೆಯಲ್ಲಿ ಹುರಿದಿಟ್ಟದ್ದು ಎಂದು ಅವಳು ಹೇಳಿದಳು.

“ಪಾಯಸಕ್ಕೋ?” ಎಂದು ನಾನು ಸುಮ್ಮನೆ ಕೇಳಿದೆ.

“ಅಲ್ಲ, ರಿವಾಲ್ವರಿಗೆ” ಎಂದರು ಅವರು, ಕಾಫಿಗೆ ಸಕ್ಕರೆ ಎನ್ನುವ ಧಾಟಿಯಲ್ಲಿ. ನನ್ನ ಮುಖವನ್ನು ನೋಡಿ, ಭಾನುವಾರ ಬಿಸ್ಲಿಗೆ ಬಂದರೆ ತಿಳಿಯುತ್ತದೆ ಎಂದು ಕರೆದರು.

ಭಾನುವಾರ ಅವರು ಸಾಮಾನುಗಳೊಡನೆ ಕಾರಿನಲ್ಲಿ ಮುಂಚೆಯೇ ಹೋಗಿದ್ದರು. ನಾನು ರೈಲಿನಲ್ಲಿ ಬಂದು ನಡೆದೆ. ಬರ್ಚ್ ಮತ್ತು ಪೈನ್ ಮರಗಳ ನಡುವಿನ ಮರಳುನೆಲ. ಅಲ್ಲಲ್ಲಿ ನೇರಳೆ ಬಣ್ಣದ ಹೂ ಬಿಟ್ಟ ಹೆದರ್ ಪೊದೆಗಳು. 1890ರಿಂದ 1952ರವರೆಗೆ ನಿಲ್ದಾಣದಿಂದ ಬಯಲಿನವರೆಗೆ ಒಂದು ಪುಟ್ಟ ರೈಲು ಓಡುತ್ತಿದ್ದಿತು. ಜನ ಅದನ್ನು ‘ಬಿಸ್ಲಿ ಬುಲೆಟ್’ ಎಂದು ಕರೆಯುತ್ತಿದ್ದರಂತೆ. ಹೆಸರಿಗೆ ತಕ್ಕ ವೇಗ ಅದಕ್ಕಿದ್ದಿರಲಾರದು.

ಬಿಸ್ಲಿ ಸರ್ರೆ ಪ್ರಾಂತದ ಒಂದು ಹಳ್ಳಿ. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಘ 1860ರಲ್ಲಿ ತನ್ನ ಮೊದಲ ಪಂದ್ಯಗಳನ್ನು ನಡೆಸಿದ್ದು ಇಲ್ಲಲ್ಲ, ಲಂಡನ್ನಿಗೆ ಅಂಟಿದ ವಿಂಬಲ್ಡನ್ನಿನಲ್ಲಿ. ವಿಕ್ಟೋರಿಯಾ ರಾಣಿ ಗೂಟಕ್ಕೆ ಬಿಗಿದಿಟ್ಟಿದ್ದ ರೈಫಲ್ಲಿನ ರೇಷ್ಮೆ ದಾರ ಎಳೆದು ಮೊದಲ ಗುಂಡು ಹಾರಿಸಿದಳು. ಊರು ಬೆಳೆದು ಗುಂಡಿನ ದಾರಿಗೆ ಮನೆಗಳು ಸಮೀಪಿಸಿದಾಗ, 1890ರಲ್ಲಿ ಸಂಘ ಈ ಬರಡು ಬಯಲಿಗೆ ಬಂದಿತು. ಅಂದು ಕಟ್ಟಿದ ಮರದ ಕ್ಲಬ್ಬುಗಳು, ಜಗಲಿ ಸುತ್ತಿದ ಬಂಗಲೆಗಳು ಇಂದಿಗೂ ನಿಂತಿವೆ. ನೋಡುತ್ತ ಹೋದಂತೆ ನನಗೆ ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬೀದಿಯೊಂದು ದಾರಿ ತಪ್ಪಿ ಇಲ್ಲಿ ಬಂದು ಕುಳಿತಂತೆ ತೋರಿತು. 1200 ಗಜ ದೂರಕ್ಕೆ ಹೊಡೆಯುವ ‘ಸ್ಟಿಕಲ್‌ಡೌನ್’ ಎಂಬ ಬಯಲಿದೆ. 600 ಗಜದ ‘ಸೆಂಚುರಿ’ ಇದೆ. ಯಾವ ಚಳಿಗಾಲದಲ್ಲಿ ಯಾರು ನಡುಗುತ್ತ ಇಟ್ಟರೋ, ‘ಶಾರ್ಟ್ ಸೈಬೀರಿಯ’ ಎಂಬ ಒಂದು ಮೂಲೆಯೂ ಇದೆ. 1908ರ ಒಲಿಂಪಿಕ್ ಪಂದ್ಯಗಳ ಗುರಿಸ್ಪರ್ಧೆಗಳು ಇಲ್ಲಿಯೇ ನಡೆದವು. 2002ರ ಕಾಮನ್‌ವೆಲ್ತ್ ಪಂದ್ಯಗಳಲ್ಲಿ ನಮ್ಮ ಅಂಜಲಿ ಭಾಗವತ್ ಮತ್ತು ಜಸ್ಪಾಲ್ ರಾಣಾ ಚಿನ್ನ ಗೆದ್ದದ್ದೂ ಇದೇ ಮಣ್ಣಿನಲ್ಲಿ.

ರೈಫಲ್ಲಿನವರ ಈ ರಾಜ್ಯದಲ್ಲಿ ರಿವಾಲ್ವರಿನವರದು ಒಂದು ಸಣ್ಣ ಪಾಳೆಯಪಟ್ಟು. ಆದರೆ ಅದರ ಕೀರ್ತಿ ಸಣ್ಣದಲ್ಲ. 1890ರ ದಶಕದಲ್ಲಿ ಅಮೆರಿಕದ ಕೋಲ್ಟ್ ಕಾರ್ಖಾನೆಯವರು ಗುರಿಪಂದ್ಯಕ್ಕೆಂದು ಮಾಡಿದ ರಿವಾಲ್ವರಿಗೆ ಈ ಹಳ್ಳಿಯ ಹೆಸರನ್ನೇ ಇಟ್ಟರು. ವಾಲ್ಟರ್ ವಿನಾನ್ಸ್ ಎಂಬ ಅಮೆರಿಕನ್ ಧನಿಕ ಇಲ್ಲಿ ವರ್ಷವರ್ಷವೂ ರಿವಾಲ್ವರ್ ಪಂದ್ಯಗಳನ್ನು ಗೆದ್ದು, 1901ರಲ್ಲಿ ಆ ವಿದ್ಯೆಯ ಮೇಲೆ ದಪ್ಪ ಪುಸ್ತಕವನ್ನೇ ಬರೆದ. ಈ ಮನುಷ್ಯ ವಿಚಿತ್ರ ಪ್ರತಿಭಾವಂತ: 1908ರಲ್ಲಿ ಓಡುವ ಜಿಂಕೆಯ ಗುರಿಗೆ ಒಲಿಂಪಿಕ್ ಚಿನ್ನ, 1912ರಲ್ಲಿ ಕುದುರೆಯ ಕಂಚಿನ ಶಿಲ್ಪಕ್ಕೆ ಇನ್ನೊಂದು ಚಿನ್ನ; 1920ರಲ್ಲಿ ಕುದುರೆಗಾಡಿಯ ಪಂದ್ಯದಲ್ಲಿ ಗಾಡಿ ಹೊಡೆಯುತ್ತಿರುವಾಗಲೇ ಪ್ರಾಣ ಬಿಟ್ಟ.

ನಮ್ಮ ಹಿರಿಯರು ‘ಮೆಲ್ವಿಲ್’ ಎಂಬ ಕೈಬಂದೂಕಿನ ಅಂಕಣದಲ್ಲಿದ್ದರು. ಕೆಂಪು ಬಾವುಟ ಹಾರುತ್ತಿದ್ದಿತು. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಕೊಟ್ಟು, ಹಳದಿ ಗೆರೆಯ ಹಿಂದೆ ಒಂದು ಮಡಿಚುವ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ಮೇಜಿನ ಮೇಲೆ ಎರಡು ರಿವಾಲ್ವರುಗಳು. ಎರಡೂ ತೋಟೆ ತುಂಬುವ ಈಗಿನ ಬಗೆಯವಲ್ಲ. ನೂರೈವತ್ತು ವರ್ಷಕ್ಕೂ ಹಿಂದಿನ ಮಾದರಿಯವು. ಒಂದೊಂದು ಗೂಡಿಗೂ ಮುಂದಿನಿಂದ ಮದ್ದು ಸುರಿದು, ಮೇಲೆ ಸೀಸದ ಗುಂಡನ್ನು ಒತ್ತಿ, ಹಿಂದೆ ತಾಮ್ರದ ಕೇಪು ಸಿಕ್ಕಿಸಬೇಕು. ಅವರು ‘ಕ್ಯಾಪ್’ ಎಂದಾಗ ನನಗೆ ನಗು ಬಂತು. ಮಲೆನಾಡಿನ ನಮ್ಮ ಅಜ್ಜನ ಮನೆಯಲ್ಲಿ ಗೋಡೆಗೆ ತೂಗುಹಾಕಿದ್ದ ಕೇಪಿನ ಕೋವಿಯ ಹೆಸರು ಇಲ್ಲಿಂದಲೇ ಹೊರಟು ಕಾಡು ಹೊಕ್ಕದ್ದು!

ಈ ಹಳೆಯ ಬಗೆಯನ್ನೇ ಏಕೆ ಹಿಡಿದಿರಿ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಉತ್ತರಿಸಲಿಲ್ಲ. ಆಮೇಲೆ ಹೇಳಿದ್ದು ಇದು.

ಇಪ್ಪತ್ತು ವರ್ಷ ಅವರು ಈ ಅಂಕಣದಲ್ಲಿ .38 ಅಳತೆಯ ತೋಟೆಯ ರಿವಾಲ್ವರನ್ನು ಹೊಡೆಯುತ್ತಿದ್ದರು. ಅದಕ್ಕೆ ಅವರೇ ಎರಕ ಹೊಯ್ದ, ಮೂತಿ ಚಪ್ಪಟೆಯಾದ 148 ಗ್ರೇನಿನ ಗುಂಡು; ಕಾಗದದಲ್ಲಿ ಉಳಿಯಿಂದ ಕೊರೆದಂತೆ ದುಂಡನೆಯ ತೂತು ಬೀಳಿಸುವಂಥದು. 1996ರ ಮಾರ್ಚ್ 13ರಂದು ಸ್ಕಾಟ್ಲೆಂಡಿನ ಡನ್‌ಬ್ಲೇನ್ ಊರಿನ ಶಾಲೆಗೆ ಒಬ್ಬ ಕೈಬಂದೂಕುಗಳನ್ನು ಹಿಡಿದು ನುಗ್ಗಿ ಹದಿನಾರು ಮಕ್ಕಳನ್ನೂ ಅವರ ಉಪಾಧ್ಯಾಯಿನಿಯನ್ನೂ ಕೊಂದ. ಮಕ್ಕಳು ಐದಾರು ವರ್ಷದವರು. ಮರುವರ್ಷ, 1997ರಲ್ಲಿ, ಪಾರ್ಲಿಮೆಂಟು ಎರಡು ಕಾಯಿದೆಗಳನ್ನು ಮಾಡಿ ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡುಗಳಲ್ಲಿ ಕೈಬಂದೂಕುಗಳನ್ನು ಹೆಚ್ಚುಕಡಿಮೆ ಪೂರ್ಣವಾಗಿ ನಿಷೇಧಿಸಿತು. 2002ರ ಪಂದ್ಯಕ್ಕೆ ಬಂದ ಪಿಸ್ತೂಲುಗಾರರಿಗೂ ಸರ್ಕಾರ ವಿಶೇಷ ಅನುಮತಿ ಕೊಡಬೇಕಾಯಿತು. ಬಾಯಿಯಿಂದ ಮದ್ದು ತುಂಬುವ ಹಳೆಯ ಬಗೆಗೆ ಮಾತ್ರ ಪರವಾನಗಿಯ ಮೇಲೆ ಅವಕಾಶ ಉಳಿಯಿತು.

“ನನ್ನ ಮಗಳು ಆಗ ಚಿಕ್ಕ ಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಕಾನೂನು ಕೇಳುವುದಕ್ಕೆ ಮೊದಲೇ ಅವಳು ಕೇಳಿದಳು. ನಾನು ವಾದ ಮಾಡಿದೆ. ನಾನೇನು ತಪ್ಪು ಮಾಡಿದೆ ಎಂದೆ. ಅವಳು ಮಾತಾಡಲಿಲ್ಲ, ತನ್ನ ತರಗತಿಯ ಚಿತ್ರವನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ನಾನು ಪೋಲೀಸು ಠಾಣೆಗೆ ಹೋಗಿ ಒಪ್ಪಿಸಿಬಂದೆ. ಆರು ವರ್ಷ ಈ ಕಡೆ ತಲೆ ಹಾಕಲಿಲ್ಲ.”

ಆರು ವರ್ಷದ ಮೇಲೆ ಆ ಮಗಳೇ ಅವರನ್ನು ಇಲ್ಲಿಗೆ ಕರೆತಂದಳಂತೆ. ಒಂದು ಸುತ್ತು ತುಂಬಲು ಹತ್ತು ನಿಮಿಷ ಹಿಡಿಯುವ ಈ ಸಾಧನದ ಮೇಲೆ ಅವಳಿಗೆ ಆಕ್ಷೇಪವಿರಲಿಲ್ಲ. ಕಾಯಿದೆ ಸರಿಯೆಂದು ಹೇಳುವವರೂ, ಸಜ್ಜನರ ಮೇಲೆ ಬಿದ್ದ ಶಿಕ್ಷೆಯೆಂದು ಹೇಳುವವರೂ ಬಿಸ್ಲಿಯಲ್ಲಿ ಇಂದಿಗೂ ಇದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಮಗಳ ಆ ಚಿತ್ರದ ಮುಂದೆ ನನಗೂ ವಾದ ಹುಟ್ಟುತ್ತಿರಲಿಲ್ಲ.

ಈಗ ಎರಡನೆಯ ಸಲ ಬಿಡುವ ಕಾಲ ಹತ್ತಿರ ಬಂದಿದ್ದಿತು. ಈ ಸಲ ಕೇಳುತ್ತಿದ್ದುದು ಕಾನೂನೂ ಅಲ್ಲ, ಮಗಳೂ ಅಲ್ಲ, ಬಲಗೈಯ ಮಣಿಕಟ್ಟು. ಐವತ್ತು ವರ್ಷ ಕೊಳಾಯಿಯ ಇಕ್ಕಳ ತಿರುಗಿಸಿದ ಕೈಗೆ ಸಂಧಿವಾತ ಹಿಡಿದಿದ್ದಿತು. ಪಂದ್ಯದಲ್ಲಿ ಒಂದೇ ಕೈ ಚಾಚಿ, 25 ಮೀಟರ್ ದೂರದ ಗುರಿಹಲಗೆಗೆ 30 ನಿಮಿಷಗಳಲ್ಲಿ 13 ಗುಂಡು ಹೊಡೆಯಬೇಕು. ಉತ್ತಮವಾದ 10 ಲೆಕ್ಕಕ್ಕೆ. ಅಂತರರಾಷ್ಟ್ರೀಯ ಕೂಟಗಳಲ್ಲಿ ‘ಮಾರಿಯೆಟ್’ ಎಂದು ಕರೆಯುವ ಸ್ಪರ್ಧೆಯ ಕ್ರಮ ಇದು. ಎಂಟನೆಯ ಗುಂಡಿನ ಹೊತ್ತಿಗೆ ಅವರ ಕೈ ನಡುಗತೊಡಗುತ್ತಿದ್ದಿತು. ಗುಂಡನ್ನು ಹಗುರ ಮಾಡಿಕೊಂಡು ಉಳಿಯುವುದೋ, ಬಿಟ್ಟು ಮನೆಯಲ್ಲಿ ಕೂರುವುದೋ? ಮುಂದಿನ ಭಾನುವಾರದ ಕ್ಲಬ್ಬಿನ ಪಂದ್ಯಕ್ಕೆ ಮುನ್ನ ಅವರು ತೀರ್ಮಾನಿಸಬೇಕಾಗಿದ್ದಿತು.

ಮೇಜಿನ ಮೇಲೆ ಮೂರು ಡಬ್ಬಿಗಳು. ಮೊದಲನೆಯದರಲ್ಲಿ .44 ಅಳತೆಯ ರಿವಾಲ್ವರಿಗೆ ಶಂಕುವಿನಾಕಾರದ ಗುಂಡು, ಸುಮಾರು 200 ಗ್ರೇನ್ ತೂಕ. ಎರಡನೆಯದರಲ್ಲಿ ಅದೇ ರಿವಾಲ್ವರಿಗೆ ಗೋಲಿಯಂಥ ದುಂಡು ಗುಂಡು, ಸುಮಾರು 140 ಗ್ರೇನ್. ಮೂರನೆಯದರಲ್ಲಿ .36 ಅಳತೆಯ ಸಣ್ಣ ರಿವಾಲ್ವರಿನ ದುಂಡು ಗುಂಡು, ಸುಮಾರು 80 ಗ್ರೇನ್. ಗ್ರೇನ್ ಎಂದರೆ ಹಿಂದೆ ಒಂದು ಬಾರ್ಲಿ ಕಾಳಿನ ತೂಕ. ನಮ್ಮ ಹಳಬರ ಲೆಕ್ಕದಲ್ಲಿ ಒಂದು ತೊಲಕ್ಕೆ 180 ಗ್ರೇನ್. ಆದ್ದರಿಂದ ಮೊದಲನೆಯದು ತೊಲಕ್ಕೆ ಮೀರಿದ್ದು, ಎರಡನೆಯದು ಮುಕ್ಕಾಲು ತೊಲಕ್ಕಿಂತ ತುಸು ಹೆಚ್ಚು, ಮೂರನೆಯದು ಅರ್ಧ ತೊಲವೂ ಇಲ್ಲ.

ಸೀಸ ಎಲ್ಲವೂ ಅವರ ವೃತ್ತಿಯ ಆಸ್ತಿ. ಹಳೆಯ ಮನೆಗಳ ಸೀಸದ ಕೊಳಾಯಿಗಳನ್ನು ಕಿತ್ತು ತಾಮ್ರದವನ್ನು ಹಾಕಿದ ವರ್ಷಗಳಲ್ಲಿ ಕೂಡಿಟ್ಟದ್ದು. ಬೆರಕೆಯಿಲ್ಲದ ಮೆತ್ತನೆಯ ಸೀಸವೇ ಈ ಕೆಲಸಕ್ಕೆ ಬೇಕು. ಗುಂಡು ಗೂಡಿನ ಬಾಯಿಗಿಂತ ಕೂದಲೆಳೆಯಷ್ಟು ದೊಡ್ಡದಿರುತ್ತದೆ. ಸನ್ನೆಕೋಲಿನಿಂದ ಒತ್ತಿದಾಗ ಅಂಚಿನಿಂದ ತೆಳ್ಳನೆಯ ಉಂಗುರವೊಂದು ಹೆರೆದು ಬೀಳಬೇಕು. ಆ ಉಂಗುರ ಪೂರ್ತಿಯಾಗಿ ಬಂದರೆ ಗೂಡಿನ ಬಾಯಿ ಭದ್ರವಾಗಿ ಮುಚ್ಚಿತೆಂದು ಅರ್ಥ. ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೆ ಹಾರುವ ಭಯ ತಗ್ಗುತ್ತದೆ. ತವರವನ್ನೋ ಬೇರೆ ಲೋಹವನ್ನೋ ಬೆರೆಸಿ ಗಟ್ಟಿ ಮಾಡಿದರೆ ಉಂಗುರ ಸುಲಭವಾಗಿ ಬಾರದು, ಮುದಿ ಮಣಿಕಟ್ಟಿಗೆ ಒತ್ತಲೂ ಆಗದು.

ಎರಕದ ಕ್ರಮವನ್ನು ಹಿಂದಿನ ಸಂಜೆ ಅವರ ಹಿತ್ತಲ ಕೊಟ್ಟಿಗೆಯಲ್ಲಿ, ಕಿಟಕಿಬಾಗಿಲು ತೆರೆದಿಟ್ಟು, ತೋರಿಸಿದ್ದರು. 327 ಡಿಗ್ರಿಗೆ ಸೀಸ ಕರಗುತ್ತದೆ. ಅಚ್ಚು ತಣ್ಣಗಿದ್ದರೆ ಗುಂಡಿನ ಮೈಯೆಲ್ಲ ಮುದುಕಿಯ ಕೆನ್ನೆಯಂತೆ ಸುಕ್ಕು. ಅತಿಯಾಗಿ ಕಾದರೆ ಮೈಮೇಲೆ ಇಬ್ಬನಿ ಕೂತಂಥ ಮಂಕು. ನಡುವಿನ ಹದದಲ್ಲಿ ಬಿದ್ದದ್ದು ಹೊಸ ರೂಪಾಯಿಯಂತೆ ಹೊಳೆಯುತ್ತದೆ. ಹೊಳೆದದ್ದೆಲ್ಲ ಒಳ್ಳೆಯದಲ್ಲ, ಒಳಗೆ ಗಾಳಿಯ ಗುಳ್ಳೆ ಅಡಗಿರಬಹುದು ಎಂದು ಒಂದೊಂದನ್ನೂ ಚಿನಿವಾರರ ತಕ್ಕಡಿಯಂಥ ಪುಟ್ಟ ತಕ್ಕಡಿಯಲ್ಲಿ ತೂಗಿದರು. ಒಂದು ಗ್ರೇನ್, ಅಂದರೆ ಸುಮಾರು ಅರ್ಧ ಗುಲಗಂಜಿ, ಕಡಮೆ ಬಂದದ್ದು ಮತ್ತೆ ಕರಗುವ ಪಾತ್ರೆಗೆ. ಮಾತು ನಿಂತು, ಕೊಟ್ಟಿಗೆಯಲ್ಲಿ ಟಿಣ್, ಟಿಣ್ ಎಂಬ ಸದ್ದು ಮಾತ್ರ ಉಳಿದಿದ್ದಿತು.

ಈಗ ಪರೀಕ್ಷೆ. ಮೊದಲು ಶಂಕುವಿನ ಗುಂಡು. ಐದು ಸಲ ಢಮ್ಮೆಂದಿತು. ಐದು ಸಲ ಬಿಳಿಯ ಹೊಗೆಯ ಮೋಡ ಎದ್ದು, ದೀಪಾವಳಿಯ ಬೆಳಗಿನ ಗಂಧಕದ ವಾಸನೆ ಮೂಗಿಗಡರಿತು. ಗುರಿಹಲಗೆಯನ್ನು ತಂದು ನೋಡಿದರೆ ತೂತುಗಳೆಲ್ಲ ಕಪ್ಪು ವೃತ್ತದ ಮೇಲಂಚಿನಲ್ಲಿ, ಅಂಗೈಯಗಲ ಚೆದರಿದ್ದವು.

ಕಾರಣ ಎರಡು ಎಂದರು. ಶಂಕುವಿಗೆ ತಲೆಬಾಲಗಳಿವೆ, ಗೂಡಿಗೆ ಒತ್ತುವಾಗ ಎಳ್ಳಷ್ಟು ವಾಲಿದರೂ ವಾಲಿಕೊಂಡೇ ಹೋಗುತ್ತದೆ. ದುಂಡು ಗುಂಡಿಗೆ ವಾಲುವುದೆಂಬುದೇ ಇಲ್ಲ. ಅದು ಅಲ್ಲದೆ, ಭಾರವಾದ ಗುಂಡು ನಳಿಗೆಯೊಳಗೆ ಹೆಚ್ಚು ಹೊತ್ತು ಇರುತ್ತದೆ. ಅಷ್ಟರಲ್ಲಿ ಕೈ ಹಿಂದಕ್ಕೆ ಒದೆಸಿಕೊಂಡು ನಳಿಗೆಯ ಮೂತಿ ಮೇಲೆದ್ದಿರುತ್ತದೆ. ಗುಂಡು ಮೇಲಕ್ಕೇ ಹೋಗುತ್ತದೆ. ಹಗುರವಾದದ್ದು ಮೂತಿ ಏಳುವ ಮುನ್ನ ಹೊರಟುಬಿಡುತ್ತದೆ, ಆದ್ದರಿಂದ ಕೆಳಗೆ ತಗಲುತ್ತದೆ. ಈ ಮಾತು ನನಗೆ ತಲೆಕೆಳಗಾಗಿ ತೋರಿತು. ಭಾರವಾದದ್ದು ಕೆಳಗೆ ಬೀಳಬೇಕಲ್ಲವೆ? ದೂರದ ಗುರಿಗೆ ಹಾಗೆಯೇ, ಇಪ್ಪತ್ತೈದು ಮೀಟರಿಗೆ ಹೀಗೆ, ಎಂದು ನಕ್ಕರು. ಈ ಹಳೆಯ ಮಾದರಿಗಳ ಗುರಿಮೊನೆ ಅಲುಗಿಸಲಾಗದಂಥದು. ಹತ್ತಿರದ ಗುರಿಗೆ ಅವು ಸಹಜವಾಗಿ ಮೇಲಕ್ಕೇ ಹೊಡೆಯುತ್ತವೆ. ಹಗುರ ಗುಂಡು ಆ ದೋಷವನ್ನೂ ಸ್ವಲ್ಪ ತಿದ್ದುತ್ತದೆ.

ಎರಡನೆಯ ಡಬ್ಬಿಯ ದುಂಡು ಗುಂಡುಗಳು ಹಾಗೆಯೇ ಕೆಳಗಿಳಿದು ಕಪ್ಪಿನ ನಡುವಿಗೆ ಸಮೀಪಿಸಿದವು. ಆದರೆ ಐದನೆಯ ಗುಂಡಿನ ಹೊತ್ತಿಗೆ ಅವರು ಎಡಗೈಯಿಂದ ಬಲ ಮಣಿಕಟ್ಟನ್ನು ಒತ್ತಿಕೊಳ್ಳುತ್ತಿದ್ದುದನ್ನು ಕಂಡೆ.

ಮೂರನೆಯದು, ಅರ್ಧ ತೊಲವೂ ಇಲ್ಲದ ಆ ಬಟಾಣಿ, ಕೈಗೆ ಏನೂ ಅನಿಸದಂತೆ ಹೊರಟಿತು. ನಳಿಗೆ ಅಲುಗಿದ್ದೇ ತಿಳಿಯಲಿಲ್ಲ. ಗುರಿಹಲಗೆಯಲ್ಲಿ ಐದೂ ಒತ್ತಾಗಿ ಕೂತಿದ್ದವು. ನಾನು ಚಪ್ಪಾಳೆ ತಟ್ಟುವುದರಲ್ಲಿದ್ದೆ. ಅವರ ಮುಖ ಅರಳಲಿಲ್ಲ. ಭೂತಗನ್ನಡಿ ಹಿಡಿದು ಎರಡು ತೂತುಗಳನ್ನು ತೋರಿಸಿದರು. ಅವು ಹತ್ತರ ಗೆರೆಯ ಹೊರಗೆ, ಕೂದಲು ತೂರಿಸುವಷ್ಟು ಸಂದು ಬಿಟ್ಟು ನಿಂತಿದ್ದವು. ಗುಂಡಿನ ಅಂಚು ಗೆರೆಯನ್ನು ಮುಟ್ಟಿದರೆ ಮೇಲಿನ ಅಂಕ ಎಂಬುದು ಗುರಿಹಲಗೆಯ ಸಾಮಾನ್ಯ ರೂಢಿ. .36ರ ಗುಂಡಿನ ವ್ಯಾಸ ಸುಮಾರು ಒಂಬತ್ತೂವರೆ ಮಿಲಿಮೀಟರ್, .44ರದು ಹನ್ನೊಂದೂವರೆ. ನಡುಬಿಂದುವಿನಿಂದ ಒಂದು ಮಿಲಿಮೀಟರ್ ಅತ್ತ ಇತ್ತ. ದೊಡ್ಡ ಗುಂಡಾಗಿದ್ದರೆ ಆ ಎರಡೂ ಗೆರೆ ಮುಟ್ಟುತ್ತಿದ್ದವು. ಕೈಗೆ ಸುಖ ಕೊಟ್ಟದ್ದು ಕಾಗದದ ಮೇಲೆ ಎರಡು ಅಂಕ ಕಸಿದುಕೊಂಡಿದ್ದಿತು.

ಆಗ ಹೊರಬಂತು ನಮ್ಮ ಮನೆಯ ರವೆ.

ಯುಕ್ತಿ ಸರಳವಾದದ್ದು. .44ರ ದುಂಡು ಗುಂಡನ್ನೇ ಇಟ್ಟುಕೊಂಡು ಮದ್ದನ್ನು ಕಡಮೆ ಮಾಡಿದರೆ ಒದೆತ ತಗ್ಗುತ್ತದೆ. ಆದರೆ ಮದ್ದು ಕಡಮೆಯಾದಷ್ಟೂ ಗುಂಡು ಗೂಡಿನ ಆಳಕ್ಕೆ ಇಳಿಯುತ್ತದೆ. ಅಲ್ಲಿಂದ ಹೊರಟು ನಳಿಗೆಯ ಬಾಯನ್ನು ಸೇರುವವರೆಗೆ ಆಧಾರವಿಲ್ಲದೆ ಹಾರಬೇಕು, ಅದರಲ್ಲಿ ನೇರ ತಪ್ಪುತ್ತದೆ. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಉಳಿಯುವುದಂತೂ ಅಪಾಯ. ಆದ್ದರಿಂದ ಮದ್ದಿನ ಮೇಲೆ ರವೆ ಸುರಿದು ಜಾಗ ತುಂಬಿ, ಗುಂಡನ್ನು ಗೂಡಿನ ಬಾಯಿಗೆ ಸಮೀಪ ಕೂರಿಸುತ್ತಾರೆ. ತೇವವಿದ್ದರೆ ಮದ್ದು ಕೆಡುತ್ತದೆ. ಹುರಿದ ರವೆಯನ್ನು ಮುಟ್ಟಿ ಅವರು ಹಿಗ್ಗಿದ್ದು ಅದಕ್ಕೇ. ಎಷ್ಟು ಮದ್ದು, ಎಷ್ಟು ರವೆ ಎಂಬುದು ಅವರವರ ರಿವಾಲ್ವರಿನ ಗುಟ್ಟು. ನಮ್ಮ ಮನೆಗಳಲ್ಲಿ ಸಾರಿನ ಪುಡಿಯ ಅಳತೆಯನ್ನು ಹೇಳದಂತೆ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಪಿತ್ತಾಳೆಯ ಸಣ್ಣ ಅಳತೆಯಲ್ಲಿ ಮದ್ದು, ಮರದ ಚಮಚದಲ್ಲಿ ರವೆ, ಮೇಲೆ ದುಂಡು ಗುಂಡು. ಅಚ್ಚಿನ ಬಾಯಿಯ ಗುರುತು ನೆಟ್ಟಗೆ ಮೇಲ್ಮುಖವಾಗಿರುವಂತೆ ಪ್ರತಿಯೊಂದನ್ನೂ ಬೆರಳಿನಿಂದ ತಿರುಗಿಸಿ ಕೂರಿಸಿದರು. ಸನ್ನೆಕೋಲು ಒತ್ತಿದಾಗ ಸೀಸದ ಉಂಗುರಗಳು ಒಂದೊಂದಾಗಿ ಮೇಜಿನ ಮೇಲೆ ಬಿದ್ದವು. ಗುಂಡಿನ ಮೇಲೆ ಕೊಬ್ಬು ಸವರಿ, ಗೆರೆಗೆ ಹೋಗಿ ನಿಂತ ಮೇಲೆ ಕೇಪುಗಳನ್ನು ಸಿಕ್ಕಿಸಿದರು. ಕೈ ಚಾಚಿದರು.

ಈ ಸಲದ ಸದ್ದೇ ಬೇರೆ; ಢಮ್ಮೆನ್ನುವುದರ ಬದಲು ಹಲಗೆಯ ಮೇಲೆ ಕೊಡತಿ ಬಿದ್ದಂಥ ಸದ್ದು. ಐದು ಹೊಡೆದು, ತುಂಬಿ, ಮತ್ತೆ ಐದು, ಮತ್ತೆ ಮೂರು. ಪಂದ್ಯದ ಹದಿಮೂರೂ ಆಯಿತು. ಎಡಗೈ ಬಲ ಮಣಿಕಟ್ಟಿನ ಕಡೆ ಒಂದು ಸಲವೂ ಹೋಗಲಿಲ್ಲ. ಎಂಟನೆಯ ಗುಂಡಿಗೆ ನಾನೇ ಉಸಿರು ಬಿಗಿಹಿಡಿದಿದ್ದೆ.

ಗುರಿಹಲಗೆ ತರಲು ಅವರು ನನ್ನನ್ನೂ ಕರೆದರು. ಎಲ್ಲರ ಆಯುಧಗಳೂ ಖಾಲಿಯಾಗಿ ಮೇಜಿನ ಮೇಲೆ ಮಲಗಿದ್ದನ್ನು ಅಂಕಣದ ಅಧಿಕಾರಿ ನೋಡಿ ಕೂಗಿದ ಮೇಲೆಯೇ ಗೆರೆ ದಾಟಿದೆವು. ನಡುವಿನ ಬಿಳಿಯ ಗೆರೆಗಳು ಕಾಣದಂತೆ ಹರಿದು ಒಂದೇ ತೂತಾಗಿದ್ದ ಜಾಗವೊಂದಿತ್ತು. ಒಂದು ಗುಂಡು ಮಾತ್ರ ಎಡಕ್ಕೆ ದೂರ ಹೋಗಿದ್ದಿತು. “ಅದು ಗುಂಡಿನ ತಪ್ಪಲ್ಲ, ನಿಮ್ಮ ಹುಡುಗಿಯ ರವೆಯದೂ ಅಲ್ಲ” ಎಂದರು. ಆಮೇಲೆ ಗುರಿಹಲಗೆಯನ್ನು ಮಡಿಸದೆ, ಸುಕ್ಕಾಗದಂತೆ, ಎರಡು ರಟ್ಟುಗಳ ನಡುವೆ ಇಟ್ಟುಕೊಂಡರು. ಯಾರಿಗೆ ತೋರಿಸಲು ಎಂದು ನಾನು ಕೇಳಲಿಲ್ಲ.

ಶಂಕುವಿನ ಗುಂಡುಗಳ ಡಬ್ಬಿಯನ್ನು ಮನೆಗೆ ಹೋದೊಡನೆ ಕರಗಿಸುವುದಾಗಿ ಹೇಳಿದರು. ಸಣ್ಣ ರಿವಾಲ್ವರನ್ನು ಎಣ್ಣೆಬಟ್ಟೆಯಲ್ಲಿ ಸುತ್ತುತ್ತ, ಇದು ಇನ್ನೆರಡು ವರ್ಷಕ್ಕೆ ಬೇಕಾಗಬಹುದು ಎಂದರು.

ಸಂಜೆಗೆ ಬಾವುಟ ಇಳಿಯಿತು. ಕರಿಮದ್ದಿನ ಮಸಿಯನ್ನು ಅಂದಂದೇ ತೊಳೆಯದಿದ್ದರೆ ಬೆಳಗಾಗುವಷ್ಟರಲ್ಲಿ ಕಬ್ಬಿಣಕ್ಕೆ ತುಕ್ಕು ಹತ್ತುತ್ತದೆ. ಅದಕ್ಕೆ ಕುದಿಯುವ ನೀರಿಗಿಂತ ಒಳ್ಳೆಯ ಮದ್ದಿಲ್ಲ. ಕ್ಲಬ್ಬಿನ ಜಗಲಿಯಲ್ಲಿ ದೊಡ್ಡ ಕೆಟಲಿನಲ್ಲಿ ನೀರು ಕಾಯಿಸಿ, ಬಿಚ್ಚಿಟ್ಟ ನಳಿಗೆಯೊಳಗೆ ಸುರಿದರು. ಮೊದಲು ಕಪ್ಪಗೆ, ಆಮೇಲೆ ಬೂದಿಬಣ್ಣವಾಗಿ, ಕೊನೆಗೆ ತಿಳಿಯಾಗಿ ಹರಿಯಿತು. ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣಿನಿಂದ ನೋಡಿ ತೃಪ್ತಿಪಟ್ಟು, ಕೆಟಲಿನಲ್ಲಿ ಉಳಿದ ನೀರನ್ನು ಚಹದ ಪಾತ್ರೆಗೆ ಹೊಯ್ದರು.